ಚಾರ್ಜ್ ಕಡೆಗೇ ನಿಂತ ಮುಳ್ಳು

ನಮ್ಮ ಗದಗಿನಲ್ಲಿ ವಿಲಾಯತಿಗೆ ಹೋಗಿ ಬಂದವರು ಇಬ್ಬರಿದ್ದಾರೆ. ಇಬ್ಬರೂ ತಮ್ಮ ಪ್ರವಾಸದ ಪುಸ್ತಕವನ್ನು ನನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ಅವರು ಕಂಡ ಮಂಜು, ಅವರು ಉಂಡ ಬೇಯಿಸಿದ ಬಟಾಟೆ, ಅಲ್ಲಿಯ ಜನ ಸಾಲಿನಲ್ಲಿ ನಿಲ್ಲುವ ಚಂದ, ಎಲ್ಲವನ್ನೂ ಅಚ್ಚಿನ ಮೊಳೆ ಮೊಳೆಯಾಗಿ ಜೋಡಿಸಿದವನು ನಾನು. ಪುಸ್ತಕ ಬಿಡುಗಡೆಯ ದಿನ ಅವರಲ್ಲಿ ಒಬ್ಬರು ಚಹಾ ಕುಡಿಯುತ್ತ, "ನೀವು ಎಲ್ಲಿಯಾದರೂ ಪರದೇಶಕ್ಕೆ ಹೋಗಿದ್ದೀರೇನು?" ಎಂದು ಕೇಳಿದರು. ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಹೋಗಿದ್ದೇನೆ ಸ್ವಾಮಿ. ತೀರ್ಥಹಳ್ಳಿಗೆ ಹೋಗಿದ್ದೇನೆ.

ನಗುವವರು ನಗಲಿ. ಮೊನ್ನೆಮೊನ್ನೆಯವರೆಗೂ ನಾವು ಮುಂಬಯಿ ಸರಕಾರದವರು, ಅವರು ಮೈಸೂರು ಮಹಾರಾಜರವರು. ಏಕೀಕರಣವಾಯಿತು, ನಕಾಶೆಯ ಬಣ್ಣ ಒಂದಾಯಿತು. ಆದರೆ ನಾನು ರೊಟ್ಟಿ ಕೇಳಿದರೆ ಅವರು ಇಂದಿಗೂ ಅಕ್ಕಿಯದನ್ನು ತಂದಿಡುತ್ತಾರೆ. ಖಾರ ಕೇಳಿದರೆ ಕಾಳುಮೆಣಸು ತೋರಿಸುತ್ತಾರೆ. ಬಿಸಿಲು ಎಲ್ಲಿದೆ ಎಂದು ಕೇಳಿದರೆ ಮರದ ತುದಿಯನ್ನು ತೋರಿಸುತ್ತಾರೆ. ಇದಕ್ಕಿಂತ ದೊಡ್ಡ ಪರದೇಶ ನನ್ನಂಥವನಿಗೆ ಬೇಡ.

ಹೋಗಬೇಕಾದ ಕಾರಣ ಹೀಗಿತ್ತು. ನನ್ನ ಹೆಂಡತಿ ಶಾಂತಾಳ ತವರು ತೀರ್ಥಹಳ್ಳಿ. ಚೊಚ್ಚಲ ಹೆರಿಗೆಗೆ ಹೋದವಳಿಗೆ ಹೆಣ್ಣು ಕೂಸು ಹುಟ್ಟಿತ್ತು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಕುರ್ರ್ ಎಂದು ಕಿವಿಯಲ್ಲಿ ಊದಿ ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳ ಬಾಯಿಂದ ಬಂದದ್ದೇ ಹೆಸರು, ಆಮೇಲೆ ಯಾರೂ ಬದಲಿಸುವ ಹಾಗಿಲ್ಲ. ನನಗೂ ನನ್ನ ಅಕ್ಕ ಗೌರವ್ವನಿಗೂ ಹಿಂದಿನ ವರ್ಷ ತೀರಿಕೊಂಡ ನಮ್ಮ ಅವ್ವನ ಹೆಸರು ಇಡಬೇಕೆಂಬ ಆಸೆ. ನೀಲವ್ವ ಎಂದು.

ನನ್ನ ಮಾವನ ಆಸೆ ಬೇರೆ. ಅವರು ಲಿಂಗನಮಕ್ಕಿಯ ಡ್ಯಾಮು ಕಟ್ಟುವಾಗ ಮರಮುಟ್ಟು ಒದಗಿಸಿದವರು. ನಾಡಿಗೆ ಬೆಳಕು ಬಂದ ಕಾಲದಲ್ಲಿ ಮನೆಗೆ ಲಕ್ಷ್ಮಿ ಬಂದಿದ್ದಾಳೆ, ಶರಾವತಿ ಎಂದೇ ಹೆಸರಿಡಬೇಕು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಕ್ಕ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಶಾಂತಾಳ ಅಣ್ಣನ ಹೆಂಡತಿ, ಅಂದರೆ ಅವಳ ಅತ್ತಿಗೆ, ಕೂಸಿನ ಕಿವಿಗೆ ಬಾಯಿ ಹಚ್ಚುವವಳೇ. ಅವಳ ಬಾಯಿಂದ ಏನು ಬರುತ್ತದೆ ಎಂದು ನಮಗೆ ಗೊತ್ತಿತ್ತು. ಅಂದರೆ ನಮಗೆ ತಡವಾದರೆ ಅವ್ವನ ಹೆಸರು ಹೋಯಿತು.

"ರೈಲಿನ್ಯಾಗ ಹೋಗಿ ಮುಂದ ಬಸ್ ಹಿಡಿಯೂಣು" ಎಂದಳು ಅಕ್ಕ. ನಾನು ಕೇಳಲಿಲ್ಲ. ಡಾಕ್ಟರೊಬ್ಬರಿಂದ ಕೊಂಡ ಹಳೆಯ ಇಂಗ್ಲಿಷ್ ಮೋಟರ್ ಸೈಕಲ್ ನನ್ನಲ್ಲಿತ್ತು. ಮಾವ ಅದನ್ನು ಮದುವೆಯಲ್ಲಿ ನೋಡಿ, "ಸೈಕಲ್ಲಿಗೇ ಎಂಜಿನ್ ಇಟ್ಟಿದ್ದಾರೆ" ಎಂದು ನಾಲ್ಕು ಜನರ ಮುಂದೆ ಹೇಳಿದ್ದರು. ಆ ಮಾತನ್ನು ನಾನು ಮರೆತಿರಲಿಲ್ಲ. ಅಕ್ಕನನ್ನು ಹಿಂದೆ ಕೂರಿಸಿಕೊಂಡು, ಕೂಸಿಗೆಂದು ಹೊಲಿಸಿದ ಕುಂಚಿಗೆ ಟೊಪ್ಪಿಗೆಯಿದ್ದ ಗಂಟನ್ನು ಅವಳ ಮಡಿಲಿಗೆ ಕೊಟ್ಟು ಹೊರಟೆ.

ಸಾಗರ

ಹಾವೇರಿ ದಾಟುವಾಗ ಸ್ಪೀಡಾಮೀಟರಿನ ಕೇಬಲ್ ಕಡಿಯಿತು. ಮುಳ್ಳು ಸೊನ್ನೆಗೆ ಬಂದು ಮಲಗಿತು.

"ಸೊನ್ನಿ ತೋರಸಾಕತ್ತೈತಿ. ನಾವು ಕುಂತಲ್ಲೇ ಅದೀವೇನು?" ಎಂದು ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದಳು.

ವೇಗ ತಿಳಿಯದಿದ್ದರೆ ಹೋಗಲಿ, ದೂರವಾದರೂ ತಿಳಿಯಬೇಡವೇ? ಸರಕಾರ ಹೊಸದಾಗಿ ಕಿಲೋಮೀಟರಿನ ಕಲ್ಲು ನೆಡುತ್ತಿದೆ, ಹಳೆಯ ಮೈಲಿಕಲ್ಲು ಕೀಳುವುದನ್ನು ಮರೆತಿದೆ. ಒಂದೇ ಊರು ಒಂದು ಕಲ್ಲಿನಲ್ಲಿ ಹತ್ತಿರ, ಪಕ್ಕದ ಕಲ್ಲಿನಲ್ಲಿ ದೂರ. ಜನರನ್ನು ಕೇಳೋಣವೆಂದರೆ ಮಲೆನಾಡಿನವರದು ಕೂಗಳತೆಯ ಲೆಕ್ಕ. "ಇಲ್ಲೇ, ಒಂದು ಕೂಗಳತೆ" ಎನ್ನುತ್ತಾರೆ. ಯಾರ ಕೂಗು, ಎಷ್ಟು ಗಂಟಲಿನದು ಎಂದು ಹೇಳುವುದಿಲ್ಲ. ಒಂದು ಕೂಗಳತೆಗೆ ಮೂರು ಗುಡ್ಡ ಹತ್ತಿ ಇಳಿದ ಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಸಾಗರ ಮುಟ್ಟಿದಾಗ ಸಂಜೆ. ಹೆಡ್‌ಲೈಟ್ ಮಂಕಾಗಿತ್ತು. ನನ್ನ ಗಾಡಿಯ ಜಾತಿ ಎಂಥದೆಂದರೆ, ಅದರ ಕಿಡಿ ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ಸತ್ತರೆ ದೀಪ ಮಾತ್ರವಲ್ಲ, ಎಂಜಿನ್ನೂ ಸತ್ತಂತೆ. ಹಾಗಾಗಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಹುಡುಕಿ, ಗಾಡಿಯನ್ನು ಅಲ್ಲೇ ಬಿಟ್ಟು, ನಾವಿಬ್ಬರೂ ಪರಿಚಯದವರ ಮನೆಯಲ್ಲಿ ಉಳಿದೆವು.

ಅಂಗಡಿಯವನ ಹೆಸರು ದ್ಯಾವಪ್ಪ. ಅವನ ಬಾಯಲ್ಲಿ ಪ್ರತಿ ಎರಡನೆಯ ಮಾತು ಡ್ಯಾಮು. "ಡ್ಯಾಮಲ್ಲಿ ಇದ್ದೆ ಸಾರ್, ಪಾಯ ತೆಗೆದಾಗಿಂದ ಕೊನೇ ತನಕ. ಅಮೆರಿಕದ ಮೆಷೀನು ಸಾರ್, ಒಂದೊಂದು ಮನೆಯಷ್ಟು ದೊಡ್ಡದು. ಅದರ ಬ್ಯಾಟ್ರಿ ಎಲ್ಲಾ ನಾನೇ ನೋಡ್ಕೊಂತಿದ್ದೆ. ನಿಮ್ಮದೆಂತ, ಬೆಂಕಿಪೊಟ್ಟಣ." ಸಾಗರದಲ್ಲಿ ಆ ವರ್ಷ ಯಾರನ್ನು ಮಾತನಾಡಿಸಿದರೂ ಹೀಗೇ. ಕ್ಷೌರದವನೂ ಡ್ಯಾಮಿನಲ್ಲಿದ್ದವನು, ಹೋಟೆಲಿನ ಮಾಣಿಯೂ ಡ್ಯಾಮಿನಲ್ಲಿದ್ದವನು. ನಮ್ಮ ಕಡೆ ಮಠದಲ್ಲಿ ಓದಿದೆ ಎಂದು ಹೇಳಿಕೊಳ್ಳುವಂತೆ ಇಲ್ಲಿ ಡ್ಯಾಮಿನಲ್ಲಿ ಕಲಿತೆ ಎನ್ನುತ್ತಾರೆ.

ಮರುದಿನ ನಾನು ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ದ್ಯಾವಪ್ಪ ಬ್ಯಾಟರಿಯನ್ನು ಗಾಡಿಗೆ ಕೂರಿಸಿಬಿಟ್ಟಿದ್ದ. "ಎಲ್ಲಾ ಸರಿ ಮಾಡಿ ಕೂರ್ಸಿದೀನಿ ಸಾರ್. ಡ್ಯಾಮಲ್ಲಿ ಹೆಂಗೆ ಮಾಡ್ತಿದ್ವೋ ಹಂಗೆ."

ಕಿಕ್ ಹೊಡೆದೆ. ಸೀಟಿನ ಕೆಳಗಿಂದ ಚಟಚಟ ಎಂದಿತು. ಸ್ವಲ್ಪ ಸುಟ್ಟ ವಾಸನೆ ಬಂತು.

"ಅದು ಹೊಸ ಚಾರ್ಜಿನ ವಾಸ್ನೆ ಸಾರ್. ಮೀಟರ್ ನೋಡಿ."

ನೋಡಿದೆ. ಬ್ಯಾಟರಿಗೆ ಕರೆಂಟು ಸೇರುತ್ತಿದೆಯೋ ಖರ್ಚಾಗುತ್ತಿದೆಯೋ ತೋರಿಸುವ ಆಮೀಟರಿನ ಮುಳ್ಳು ನಡುವಿನಿಂದ ಬಲಕ್ಕೆ, ಚಾರ್ಜ್ ಕಡೆಗೆ ವಾಲಿ ನಿಂತಿತ್ತು. ನಾನು ಆ ಗಾಡಿ ಕೊಂಡಾಗಿನಿಂದ ಆ ಮುಳ್ಳು ಅಷ್ಟು ಧೈರ್ಯವಾಗಿ ಬಲಕ್ಕೆ ನಿಂತದ್ದನ್ನು ಕಂಡಿರಲಿಲ್ಲ. ದ್ಯಾವಪ್ಪನ ಕೈ ಕುಲುಕಿ ಹೊರಟೆ. ಇವತ್ತು ನೆನೆಸಿಕೊಂಡರೆ ಆ ಕೈಯನ್ನು ತಿರುಚಬೇಕಿತ್ತು ಅನ್ನಿಸುತ್ತದೆ.

ರಿಪ್ಪನ್‌ಪೇಟೆ

ಆನಂದಪುರ ದಾಟಿದ ಮೇಲೆ ಒಂದು ಹೊಸ ಸಂಗತಿ ಕಂಡುಹಿಡಿದೆ. ಹೆಡ್‌ಲೈಟ್ ಹಾಕಿದರೆ ಮುಳ್ಳು ಇನ್ನೂ ಬಲಕ್ಕೆ ಹೋಗುತ್ತಿತ್ತು. ದೀಪ ಹಾಕಿದಷ್ಟೂ ಚಾರ್ಜ್ ಹೆಚ್ಚು. ಇಂಗ್ಲಿಷರ ಬುದ್ಧಿಯೇ ಬುದ್ಧಿ ಎಂದುಕೊಂಡು, ಹಾಡುಹಗಲಿನಲ್ಲಿ ದೀಪ ಉರಿಸಿಕೊಂಡೇ ಹೋದೆ. ಎದುರಿಗೆ ಬಂದ ಸೈಕಲ್ಲಿನವರೆಲ್ಲ ಕೈ ಬೀಸಿ "ಲೈಟು, ಲೈಟು" ಎಂದು ಕೂಗಿದರು. ಇವರಿಗೇನು ತಿಳಿಯುತ್ತದೆ ಎಂದು ನಾನು ಗತ್ತಿನಿಂದ ಮುಂದೆ ಹೋದೆ.

ರಿಪ್ಪನ್‌ಪೇಟೆಯ ಹತ್ತಿರ ಎಂಜಿನ್ ಮುಗ್ಗರಿಸತೊಡಗಿತು. ನಾಲ್ಕು ಹೆಜ್ಜೆ ಓಡುವುದು, ಒಮ್ಮೆ ಬಿಕ್ಕುವುದು. ಬಸ್ ನಿಲ್ಲುವ ಕಡೆ ಇದ್ದ ಕಾಫಿ ಹೋಟೆಲಿನ ಮುಂದೆ ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಊರು ಸುತ್ತುವರಿಯಿತು.

ನಮ್ಮ ಗದಗಿನಲ್ಲಿ ಗಾಡಿ ಕೆಟ್ಟರೆ ಜನ ನೋಡಿ ನಕ್ಕು ಹೋಗುತ್ತಾರೆ. ಅದು ಒಳ್ಳೆಯ ಪದ್ಧತಿ. ಇಲ್ಲಿ ಯಾರೂ ನಗುವುದಿಲ್ಲ, ಯಾರೂ ಹೋಗುವುದೂ ಇಲ್ಲ. ಹೋಟೆಲಿನ ಭಟ್ಟರು ಮೊದಲು ಕಾಫಿ ಕುಡಿಸಿದರು. ಅವಸರವಿದೆ ಎಂದರೆ, "ಅವಸರ ಎಂತಕ್ಕೆ ಸಾರ್, ಗಾಡಿಗೂ ಸ್ವಲ್ಪ ಉಸಿರು ಬೇಡ್ವಾ?" ಎಂದರು. ಅಷ್ಟರಲ್ಲಿ ಡ್ಯಾಮಿನಲ್ಲಿ ಲಾರಿ ಓಡಿಸಿದ್ದೆ ಎನ್ನುವ ಒಬ್ಬ ದಪ್ಪ ಮೀಸೆಯವ ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದ.

"ಬ್ಯಾಟರಿ ಇರಬಹುದೇನೋ" ಎಂದೆ ನಾನು.

ಅವನು ಎಂಜಿನ್ ಓಡಿಸಿ ಮೀಟರಿನ ಗಾಜಿನ ಮೇಲೆ ಬೆರಳಿನಿಂದ ಬಡಿದ. "ಮುಳ್ಳು ನೋಡಿ ಸಾರ್. ಚಾರ್ಜ್ ಆಗ್ತಾ ಇದೆ. ಬ್ಯಾಟ್ರಿ ಮುಟ್ಲೇಬೇಡಿ. ಇದು ಕಾರ್ಬೊರೇಟರ್ ಕಸ. ಡ್ಯಾಮಲ್ಲಿ ದಿನಾ ಬರ್ತಿತ್ತು."

ಭಟ್ಟರು ಒಪ್ಪಿದರು. ಬಸ್ಸಿಗೆ ಕಾಯುತ್ತಿದ್ದವರು ಒಪ್ಪಿದರು. ನಿಜ ಹೇಳಬೇಕೆಂದರೆ ನಾನೂ ಒಪ್ಪಿದೆ. ಮನುಷ್ಯ ಹೇಳಿದ್ದನ್ನು ಅನುಮಾನಿಸಬಹುದು, ಗಾಜಿನೊಳಗೆ ಕೂತ ಮುಳ್ಳನ್ನು ಹೇಗೆ ಅನುಮಾನಿಸುವುದು? ಕಾರ್ಬೊರೇಟರ್ ಬಿಚ್ಚಿದರು. ಪೆಟ್ರೋಲಿನಲ್ಲಿ ತೊಳೆದರು. ಪ್ಲಗ್ ತೆಗೆದು ಉಜ್ಜಿದರು. ಸತ್ತುಬಿದ್ದ ಸ್ಪೀಡಾಮೀಟರನ್ನು ಎಲ್ಲರೂ ಬೈದರು, ಸುಳ್ಳು ಹೇಳುತ್ತಿದ್ದ ಆಮೀಟರನ್ನು ಎಲ್ಲರೂ ಹೊಗಳಿದರು.

ಅಕ್ಕ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. "ತಮ್ಮಾ, ಇವ್ರು ಮಾಡೂದು ನೋಡಿದ್ರ ನಾಳೆ ಕೂಸು ತಾನ ಹೆಸರು ಇಟ್ಕೊಳ್ಳತೈತಿ" ಎಂದಳು.

ಗಾಡಿ ಕೆಲಹೊತ್ತು ತಣ್ಣಗೆ ನಿಂತದ್ದರಿಂದ ಮತ್ತೆ ಹೊರಟಿತು. ಮೀಸೆಯವ ಗೆದ್ದವನಂತೆ ಬೀಡಿ ಹಚ್ಚಿದ. ಕೋಣಂದೂರಿನ ದಾರಿಯಲ್ಲಿ ಮೋರಿ ಕಿತ್ತುಹಾಕಿದ್ದಾರೆ, ಹೊಸನಗರದ ಮೇಲೆ ಹೋಗಿ ಎಂದು ಭಟ್ಟರು ದಾರಿ ಹೇಳಿದರು. ಎಷ್ಟು ದೂರ ಎಂದು ನಾನು ಕೇಳಲಿಲ್ಲ.

ಹೊಸನಗರಕ್ಕೆ ಒಂದು ಕೂಗಳತೆ

ಹೊಸನಗರ ಇನ್ನೇನು ಬಂತು ಎನ್ನುವಾಗ ಗಾಡಿ ಕೊನೆಯ ಬಿಕ್ಕು ಬಿಕ್ಕಿ ನಿಂತಿತು. ಕಿಕ್ ಹೊಡೆದೆ, ತಳ್ಳಿದೆ, ಇಳಿಜಾರಿನಲ್ಲಿ ಬಿಟ್ಟೆ. ಉಸಿರಿಲ್ಲ. ಹೊತ್ತು ಮುಳುಗುತ್ತಿತ್ತು. ಕೊನೆಯ ಬಸ್ಸು ನಮ್ಮ ಮೇಲೆ ಧೂಳು ಎರಚಿ ಆಗಲೇ ಹೋಗಿತ್ತು.

ರಸ್ತೆ ಬದಿಯಲ್ಲಿ ಹೊಸದಾಗಿ ಕಟ್ಟಿದ ಸಣ್ಣ ಮನೆಯೊಂದಿತ್ತು. ಸುತ್ತ ಬೋಳು ನೆಲ, ನೆಟ್ಟ ಬಾಳೆಗಿಡ ಇನ್ನೂ ಮೊಣಕಾಲೆತ್ತರ. ಮನೆಯ ನೆತ್ತಿಯ ಮೇಲೆ ದಪ್ಪ ತಂತಿಗಳು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹೋಗಿದ್ದವು. ವಯಸ್ಸಾದ ಹೆಂಗಸೊಬ್ಬಳು ಹೊರಗೆ ಬಂದಳು. ಹೆಸರು ಬಂಗಾರಮ್ಮ ಎಂದು ಆಮೇಲೆ ತಿಳಿಯಿತು. ಅವಳ ಹಿಂದೆ ಗಂಡ ತಿಮ್ಮಪ್ಪ.

"ಎಂತ ಆಯ್ತು ಮಾರಾಯ್ರೆ? ಗಾಡಿ ನಿಂತೋಯ್ತಾ? ಇರ್ಲಿ, ಒಳಗೆ ಬನ್ನಿ. ಮೊದ್ಲು ಬಾಯಾರಿಕೆ ಕುಡೀರಿ."

ಬೆಲ್ಲ, ನೀರು ಬಂತು. ಅಕ್ಕ ಮಾತಿಗೆ ಕೂತಳು. ನಾನು ಜಗಲಿಯ ಮೇಲೆ ಕೂತು ಕಾರ್ಬೊರೇಟರನ್ನೂ ಡ್ಯಾಮನ್ನೂ ಒಟ್ಟಿಗೆ ಬೈಯುತ್ತಿದ್ದೆ. ಡ್ಯಾಮಿನ ಹೆಸರು ಕೇಳಿದ್ದೇ ತಿಮ್ಮಪ್ಪ ತಲೆ ಎತ್ತಿದ.

"ನಮ್ಮದು ಹೊಳೆ ಬದಿ ಊರು. ಸಾಗರದಿಂದ ಆಚೆ. ನೀರು ಬತ್ತದೆ, ಏಳಿ ಅಂದ್ರು. ಎದ್ವಿ. ಲಾರೀಲಿ ತಂದು ಇಲ್ಲಿ ಇಳಿಸಿದ್ರು."

ಅಷ್ಟೇ ಹೇಳಿ ಅವನು ಕೊಟ್ಟಿಗೆಯ ಕಡೆ ಹೋದ. ನನಗೆ ಸಿಟ್ಟು ಬಂತು. ಅವನು ಬೈಯಲಿಲ್ಲವಲ್ಲ ಎಂದೇ ಇನ್ನೂ ಹೆಚ್ಚು ಬಂತು. ಇವರ ಗದ್ದೆಯ ಮೇಲೆ ನೀರು ನಿಲ್ಲಿಸಿ ಕರೆಂಟು ತೆಗೆದರು. ಆ ಕರೆಂಟು ಇವರ ಮನೆಯ ಮಾಡಿನ ಮೇಲೆಯೇ ಹಾದು ಬೆಂಗಳೂರಿಗೆ ಹೋಗುತ್ತಿದೆ. ಕೆಳಗೆ ಬಂಗಾರಮ್ಮ ಚಿಮಣಿ ಬುಡ್ಡಿಗೆ ಬತ್ತಿ ತುರುಕುತ್ತಿದ್ದಾಳೆ. ಇದನ್ನು ಯೋಜನೆ ಎನ್ನುತ್ತಾರೆ.

ಒಳಗೆ ಅಕ್ಕನೂ ಸಿಟ್ಟಾಗಿದ್ದಳು. ನಾವು ಹೊರಟ ಕಾರಣ ಹೇಳಿ, "ಊರು ನುಂಗಿದ ಹೊಳಿ ಹೆಸರು ಕೂಸಿಗೆ ಇಡ್ತಾರಂತ ನೋಡವ್ವಾ. ಇವ್ರಿಗೆ ಕರುಳು ಐತೇನು?" ಎಂದಳು.

ಬಂಗಾರಮ್ಮ ಬತ್ತಿ ಸರಿಮಾಡುವುದನ್ನು ನಿಲ್ಲಿಸಿದಳು. "ಹೊಳೆ ಎಂತ ಮಾಡ್ತು ಅಕ್ಕಾರೆ? ಅದು ಅದರ ಪಾಡಿಗೆ ಹೋಗ್ತಿತ್ತು. ಹಿಡಿದು ಕಟ್ಟಿದ್ದು ಇವ್ರು. ನಾನು ಮದುವೆಯಾಗಿ ಬಂದಾಗ ಮೊದ್ಲು ಕೈ ತೊಳೆದಿದ್ದು ಅದ್ರಲ್ಲಿ, ಮಕ್ಳಿಗೆ ಮೀಯ್ಸಿದ್ದು ಅದ್ರಲ್ಲಿ. ಈಗ ಶರಾವತಿ ಅಂದ್ರೆ ಎಲ್ರೂ ಕರೆಂಟು ಅಂತಾರೆ. ನೀರು ಅಂತ ಯಾರೂ ಅನ್ನಲ್ಲ."

ಅಕ್ಕ ಅವಳ ಕೈಯಿಂದ ಬತ್ತಿ ತೆಗೆದುಕೊಂಡು ತಾನೇ ಹೊಸೆದು ಕೊಟ್ಟಳು. ಅವಳು ಜಗಳ ಅರ್ಧಕ್ಕೆ ಬಿಡುವುದು ಅಪರೂಪ, ಹಾಗಾಗಿ ನನಗೆ ನೆನಪಿದೆ.

ಬಂಗಾರಮ್ಮ ಹೊರಗೆ ಬಂದು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. "ಇದ್ರಲ್ಲೂ ಕರೆಂಟು ಇದೆಯಂತಲ್ಲ. ಸ್ವಲ್ಪ ಹಚ್ಚಿ ತೋರ್ಸ್ತೀರಾ? ನಮ್ಮ ಊರು ತಗೊಂಡು ಎಂತ ಮಾಡಿದ್ರು ಅಂತ ನಾನಿನ್ನೂ ಹತ್ರದಿಂದ ನೋಡ್ಲೇ ಇಲ್ಲ."

ಇದು ಆ ಕರೆಂಟಲ್ಲ, ಇದು ಬ್ಯಾಟರಿಯದು, ಅದು ಬೇರೆ ಇದು ಬೇರೆ ಎಂದು ಹೇಳಲು ಹೊರಟೆ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡು ಸ್ವಿಚ್ ತಿರುಗಿಸಿದೆ. ಹೆಡ್‌ಲೈಟಿನೊಳಗೆ ಒಂದು ಕೆಂಪು ಎಳೆ ಹೊತ್ತಿತು. ಕುಲುಮೆಯಲ್ಲಿ ಆರುತ್ತಿರುವ ಮೊಳೆಯಷ್ಟು ಬೆಳಕು. ಸರಿಯಾಗಿ ಕಾಣಲಿಲ್ಲವೆಂದು ಅವಳು ಚಿಮಣಿಯನ್ನೇ ಎತ್ತಿ ಹತ್ತಿರ ಹಿಡಿದು ಬಗ್ಗಿ ನೋಡಿದಳು.

"ಇಷ್ಟೇಯಾ?" ಎಂದಳು.

ನಾನು ತಲೆ ತಗ್ಗಿಸಿದೆ, ತಗ್ಗಿಸಿದ ಕಣ್ಣು ಅವಳ ಚಿಮಣಿಯ ಬೆಳಕಿನಲ್ಲಿ ಆಮೀಟರಿನ ಮೇಲೆ ಬಿತ್ತು.

ಎಂಜಿನ್ ನಿಂತಿದೆ. ದೀಪ ಉರಿಯುತ್ತಿದೆ, ಅಂದರೆ ಬ್ಯಾಟರಿ ಖರ್ಚಾಗುತ್ತಿದೆ. ಮುಳ್ಳು ಎಡಕ್ಕೆ ಬೀಳಬೇಕು. ಅದು ಬಲಕ್ಕೆ, ಚಾರ್ಜ್ ಕಡೆಗೆ ನಿಂತಿತ್ತು. ಸ್ವಿಚ್ ಆರಿಸಿದೆ, ನಡುವಿಗೆ ಬಂತು. ಮತ್ತೆ ಹಾಕಿದೆ, ಬಲಕ್ಕೆ ಹೋಯಿತು. ನಿಂತ ಗಾಡಿ ಯಾವ ಲೋಕದಲ್ಲಿ ಚಾರ್ಜ್ ಆಗುತ್ತದೆ?

ಸೀಟು ಬಿಚ್ಚಿ, ಚಿಮಣಿ ಹಿಡಿಸಿ ನೋಡಿದೆ. ಇಂಗ್ಲಿಷರ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ವೈರು ಗಾಡಿಯ ಮೈಗೆ ಸೇರಬೇಕು. ಅಮೆರಿಕದ ಮೆಷೀನಿನಲ್ಲಿ ಮೈನಸ್ ಸೇರುತ್ತದೆ. ದ್ಯಾವಪ್ಪ ಡ್ಯಾಮಿನಲ್ಲಿ ಕಲಿತ ಹಾಗೆ ನನ್ನ ಗಾಡಿಯ ಎರಡೂ ವೈರನ್ನು ಅದಲುಬದಲು ಮಾಡಿ "ಸರಿ" ಮಾಡಿದ್ದ. ಬ್ಯಾಟರಿ ಉಲ್ಟಾ ಆದ್ದರಿಂದ ಮೀಟರಿನ ಮಾತೂ ಉಲ್ಟಾ. ಖರ್ಚಾದದ್ದನ್ನೆಲ್ಲ ಅದು ಜಮಾ ಎಂದು ತೋರಿಸಿತ್ತು. ಡೈನಮೋದಿಂದ ಬ್ಯಾಟರಿಗೆ ಕರೆಂಟು ಬಿಡುವ ಕಟೌಟ್ ಎಂಬ ಡಬ್ಬಿ ಸಾಗರದಲ್ಲೇ ಚಟಚಟ ಎಂದು ಸುಟ್ಟುಹೋಗಿತ್ತು. ನಾನು ಹಗಲೆಲ್ಲ ದೀಪ ಹಾಕಿಕೊಂಡು ಉಳಿದದ್ದನ್ನೂ ಬರಿದು ಮಾಡಿದ್ದೆ.

ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಉಲ್ಟಾ ಅಕ್ಷರವನ್ನೇ ಓದಿದವನು ನಾನು. ಮೊಳೆಯ ಮೇಲೆ ಎಡ ಬಲವಾಗಿರುತ್ತದೆ, ಬಲ ಎಡವಾಗಿರುತ್ತದೆ, ಅದು ನನಗೆ ನೀರು ಕುಡಿದಷ್ಟು ಸಲೀಸು. ಆದರೂ ಈ ಒಂದು ಮುಳ್ಳು ನನ್ನನ್ನು ಮೂರ್ಖನನ್ನಾಗಿ ಮಾಡಿತ್ತು. ದ್ಯಾವಪ್ಪನನ್ನು, ಮೀಸೆಯವನನ್ನು, ಭಟ್ಟರನ್ನು, ನನ್ನನ್ನು, ಎಲ್ಲರನ್ನೂ ಸೇರಿಸಿ ಬೈದೆ.

"ಬಯ್ಯೂದು ಸಾಕು. ನಾಳೆ ಮಧ್ಯಾಹ್ನದೊಳಗ ಅಲ್ಲಿರ್‌ಬೇಕು. ಹೆಂಗ ಹೋಗೂದು ಅದನ್ನ ಹೇಳು" ಎಂದಳು ಅಕ್ಕ.

ಹೊಸನಗರ

ಬೆಳಿಗ್ಗೆ ವೈರು ಸರಿಮಾಡಿ, ತಿಮ್ಮಪ್ಪನೂ ನಾನೂ ಗಾಡಿಯನ್ನು ಹೊಸನಗರದವರೆಗೆ ತಳ್ಳಿದೆವು. ಊರು ಒಂದು ಕೂಗಳತೆ ಎಂದು ಅವನು ಹೇಳಿದ್ದ; ಅವನ ಕೂಗಳತೆ ನಿಜವಾಗಿಯೂ ಒಂದೇ ಕೂಗಿನಷ್ಟಿತ್ತು, ಇದನ್ನು ನ್ಯಾಯವಾಗಿ ಹೇಳಬೇಕು. ತೀರ್ಥಹಳ್ಳಿಯ ಬೆಳಗಿನ ಬಸ್ಸು ಹೋಗಿತ್ತು. ಮುಂದಿನದು ಊಟದ ಹೊತ್ತಿನ ಮೇಲೆ. ತೊಟ್ಟಿಲ ಮುಹೂರ್ತ ಅದಕ್ಕೆ ಮೊದಲೇ ಮುಗಿಯುತ್ತಿತ್ತು.

ಬ್ಯಾಟರಿಯ ಅಂಗಡಿಯವನು ಬಾಗಿಲಲ್ಲೇ ಕೂತು ಅಡಿಕೆ ಹಾಕಿಕೊಳ್ಳುತ್ತಿದ್ದ. "ಕರೆಂಟು ಇಲ್ಲ ಸಾರ್. ದೊಡ್ಡ ಲೈನಿನ ಕೆಲಸ ನಡೀತಿದೆಯಲ್ಲ, ಅದಕ್ಕೇ ನಮ್ಮ ಲೈನು ತೆಗೆದಿದ್ದಾರೆ. ಸಂಜೆ ಬಂದ್ರೆ ಬರ್ಬೋದು."

ಅವನು ಹೇಳಿದ್ದನ್ನು ಇನ್ನೊಮ್ಮೆ ಓದಿ. ಇವರ ನೀರಿನಿಂದ ಬೆಳಕು ಮಾಡುತ್ತಾರೆ, ಆ ಬೆಳಕನ್ನು ಸಾಗಿಸಲು ತಂತಿ ಎಳೆಯುತ್ತಾರೆ, ಆ ತಂತಿ ಎಳೆಯಲು ಇವರ ಬೆಳಕನ್ನೇ ಆರಿಸುತ್ತಾರೆ. ನಾನು ಕೇಳಿದ್ದು ಊರಿಗೆ ದೀಪಾವಳಿ ಮಾಡಿ ಎಂದಲ್ಲ. ನನಗೆ ಬೇಕಾದದ್ದು ಬರೀ ಆರು ವೋಲ್ಟು. ಇಡೀ ನಾಡಿಗೆ ಬೆಳಕು ಕೊಟ್ಟ ಸೀಮೆಯಲ್ಲಿ ಆರು ವೋಲ್ಟು ಸಿಗಲಿಲ್ಲ.

ಚಹಾದಂಗಡಿಯ ಮುಂದೆ ಒಂದು ಲಾರಿ ನಿಂತಿತ್ತು. ಅದರ ತುಂಬ ತಂತಿಗಂಬದ ಕಬ್ಬಿಣ. ನನಗೆ ತಟ್ಟನೆ ಹೊಳೆಯಿತು. ಲಾರಿಯ ಬ್ಯಾಟರಿ ಹನ್ನೆರಡು ವೋಲ್ಟು, ಎರಡೆರಡು ವೋಲ್ಟಿನ ಆರು ಕೋಣೆಯದು. ಅದರ ಮೂರು ಕೋಣೆಗೆ ವೈರು ಹಿಡಿದರೆ ಸರಿಯಾಗಿ ನನ್ನ ಆರು. ಅರ್ಧ ತಾಸು ಹಾಗೆ ಹಿಡಿದರೆ ಕಿಡಿಗೆ ಸಾಕು, ದೀಪ ಹಾಕದಿದ್ದರೆ ತೀರ್ಥಹಳ್ಳಿ ಮುಟ್ಟಬಹುದು.

ಡ್ರೈವರ್ ಒಪ್ಪಲಿಲ್ಲ. "ಸರ್ಕಾರಿ ಕೆಲಸ ಸಾರ್. ಇಂಥದೆಲ್ಲ ಆಗಲ್ಲ. ಲೇಟಾದ್ರೆ ಇಂಜಿನಿಯರು ಬಯ್ತಾರೆ."

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಆಮೇಲೆ ಏನು ನಡೆಯುತ್ತದೆ ಎಂದು ನನಗೆ ಗೊತ್ತು.

"ಇಷ್ಟ್ ಕಬ್ಬಿಣ ಹೊತ್ಕೊಂಡು ಬೆಂಗಳೂರಿಗೆ ಬೆಳಕು ಒಯ್ಯಾಕ ನಿಮಗ ಹೊತ್ತು ಐತಿ. ಒಂದು ಕೂಸಿನ ತೊಟ್ಟಲಕ್ಕ ಅರ್ಧ ತಾಸು ಇಲ್ಲೇನು? ಕರಿಯಪ್ಪಾ ನಿಮ್ಮ ಇಂಜಿನಿಯರ್‌ನ. ನಾ ಮಾತಾಡ್ತೀನಿ. ಈ ಅಜ್ಜನ ಮನಿ ಮ್ಯಾಲೆ ತಂತಿ ಹಾಕಿ ಮನಿ ಒಳಗ ಯಾಕ ಹಾಕಿಲ್ಲ, ಅದನ್ನೂ ಕೇಳ್ತೀನಿ."

ಅವಳ ಭಾಷೆ ಅವನಿಗೆ ಅರ್ಧ ತಿಳಿಯಿತೋ ಇಲ್ಲವೋ. ಇಂಜಿನಿಯರು ಎಂಬುದು ತಿಳಿಯಿತು. ಇಳಿದು ಬಾನೆಟ್ ಎತ್ತಿದ.

ಕಾಯುವಷ್ಟು ಹೊತ್ತೂ ತಿಮ್ಮಪ್ಪ ಪಕ್ಕದಲ್ಲಿ ನಿಂತು ವೈರು ಹಿಡಿದುಕೊಂಡಿದ್ದ. ಗಾಡಿ ಹೊತ್ತಿಕೊಂಡಿತು. ಮುಳ್ಳು ಎಡಕ್ಕೆ, ಡಿಸ್ಚಾರ್ಜ್ ಕಡೆಗೆ ಬಿತ್ತು. ಸತ್ಯ ಹೇಳುವ ಮುಳ್ಳನ್ನು ನೋಡಿ ಅಷ್ಟು ಸಂತೋಷ ನನಗೆ ಇನ್ನೆಂದೂ ಆಗಿಲ್ಲ. ಹೊರಡುವಾಗ ಅಕ್ಕ ತಿಮ್ಮಪ್ಪನ ಕೈಗೆ ನಮ್ಮ ಬುತ್ತಿಯ ಜೋಳದ ರೊಟ್ಟಿಗಳನ್ನು ಕೊಟ್ಟಳು. "ಬಂಗಾರವ್ವಗ ಕೊಡ್ರಿ. ಗಟ್ಟಿ ಅದಾವ, ನೀರಾಗ ನೆನಸಿ ತಿನ್ರಿ" ಎಂದಳು.

ತೀರ್ಥಹಳ್ಳಿ

ದಾರಿಯುದ್ದಕ್ಕೂ ಮುಳ್ಳು ಎಡಕ್ಕೇ ಇತ್ತು. ನಾನು ಹಾರ್ನ್ ಕೂಡ ಹೊಡೆಯಲಿಲ್ಲ. ದನಗಳಿಗೆ, ಬಸ್ಸಿಗೆ, ತಿರುವಿನಲ್ಲಿ ಎದುರಾದ ಎತ್ತಿನ ಗಾಡಿಗೆ ಅಕ್ಕನೇ ಬಾಯಿಂದ ಕೂಗಿದಳು. ಮಾವನ ಮನೆಯ ಅಂಗಳ ಹೊಕ್ಕಾಗ ಎಂಜಿನ್ ಬಿಕ್ಕತೊಡಗಿತ್ತು. ತೊಟ್ಟಿಲಿಗೆ ಹೂವಿನ ಸರ ಸುತ್ತಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಶಾಂತಾಳ ಅತ್ತಿಗೆ ಆಗಲೇ ಬಗ್ಗಿದ್ದಳು.

"ತಡೀರಿ" ಎಂದು ಅಕ್ಕ ಬಾಗಿಲಿನಿಂದಲೇ ಕೂಗಿದಳು. ಧೂಳು ತುಂಬಿದ ಮುಖ ತೊಳೆದು ಬಂದು ಕೂಸನ್ನು ಎತ್ತಿಕೊಂಡಳು. ಮಾವ ಕುರ್ಚಿಯಲ್ಲಿ ಮುಖ ಬಿಗಿದುಕೊಂಡು ಕೂತಿದ್ದರು. ನಾನು ಕಂಬಕ್ಕೆ ಒರಗಿ ನಿಂತೆ. ಗೆದ್ದೆವು ಎಂದುಕೊಂಡೆ. ಅವ್ವ ನೆನಪಾದಳು.

ಅಕ್ಕ ಕೂಸಿನ ಕಿವಿಯಲ್ಲಿ ಊದಿದಳು. ಹೆಂಗಸರು ಬೆನ್ನಿಗೆ ಗುದ್ದಿದರು. ಅವಳು ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಶರಾವತಿ."

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಬಂದ ನೆಂಟರಿಗೆಲ್ಲ ಬೆಳಕಿನ ಕಥೆ, ಮರಮುಟ್ಟಿನ ಕಥೆ ಶುರುವಾಯಿತು. ನನ್ನ ಬೆನ್ನು ಕೂಡ ತಟ್ಟಿದರು. ನಾನು ಅಕ್ಕನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಸಿಟ್ಟಿನಲ್ಲಿ ನನಗೆ ಮಾತು ತೊದಲುತ್ತಿತ್ತು. ಇದಕ್ಕಾಗಿ ಬಂದೆವೇ, ಇದಕ್ಕಾಗಿ ಲಾರಿಯವನ ಹತ್ತಿರ ಜಗಳವಾಡಿದೆವೇ, ಅವ್ವನ ಹೆಸರನ್ನು ಇವರ ಡ್ಯಾಮಿಗೆ ಕೊಟ್ಟುಬಿಟ್ಟೆಯಲ್ಲ ಎಂದೆ.

ಅಕ್ಕ ನನ್ನ ಮಾತು ಮುಗಿಯುವವರೆಗೆ ಕಾದಳು.

"ಡ್ಯಾಮಿಗೆ ಯಾರು ಕೊಟ್ರೋ? ಅವ್ವನ್ನ ನೆನಸಾಕ ನೀ ಅದೀ, ನಾ ಅದೀನಿ. ಆ ಮುದುಕಿ ಏನಂದ್ಲು ನೀ ಕೇಳಿಲ್ಲೇನು? ಆ ಹೆಸರು ಹಿಡಿದು ಕರದ್ರ ಈಗ ಕರೆಂಟ್ ಒಂದ ಓ ಅಂತೈತಿ. ಒಂದು ಕೂಸಾದ್ರೂ ಓ ಅನ್ನಲಿ."

ಅವಳು ಅತ್ತಿದ್ದಳು ಎಂದು ಆಗ ನೋಡಿದೆ. ಮಾವನಿಗೆ ನಾವಿಬ್ಬರೂ ಇದನ್ನು ಹೇಳಲಿಲ್ಲ. ಅವರು ಇಂದಿಗೂ ಆ ಹೆಸರು ತಾವು ಇಡಿಸಿದ್ದು ಎಂದೇ ಓದಿಕೊಂಡಿದ್ದಾರೆ. ಮುಳ್ಳು ಒಂದೇ, ಅವರು ಓದುವ ಕಡೆ ಬೇರೆ.

ಬಾಣಂತನ ಮುಗಿಸಿ ಶಾಂತಾಳನ್ನೂ ಕೂಸನ್ನೂ ಕರೆತರಲು ನಾನೂ ಅಕ್ಕನೂ ಬಸ್ಸಿನಲ್ಲಿ ಹೋದೆವು. ಮರಳುವಾಗ ಹೊಸನಗರ ದಾಟಿದ ಮೇಲೆ ಬಸ್ಸು ನಿಲ್ಲಿಸಿ ಎಂದೆ. ಇಲ್ಲಿ ಸ್ಟಾಪ್ ಇಲ್ಲ ಎಂದ ಡ್ರೈವರ್. ಊರು ಎಬ್ಬಿಸಿ ತಂದು ಕೂರಿಸುವಾಗ ಇಲ್ಲಿ ಲಾರಿಗೆ ಸ್ಟಾಪ್ ಇತ್ತಲ್ಲ ಎಂದು ನಾನು ಎದ್ದು ನಿಂತೆ. ಬಸ್ಸು ನಿಂತಿತು.

ಬಂಗಾರಮ್ಮ ಕಿಟಕಿಯ ಬಳಿ ಬಂದಳು. ಬಾಳೆ ಎದೆಯೆತ್ತರಕ್ಕೆ ಬಂದಿತ್ತು. ತಂತಿ ಮೇಲೆಯೇ ಇತ್ತು, ಮನೆಯೊಳಗೆ ಬಂದಿರಲಿಲ್ಲ. ಅಕ್ಕ ಕೂಸನ್ನು ಕಿಟಕಿಯಿಂದ ಅವಳ ಕೈಗೆ ಕೊಟ್ಟು ಹೆಸರು ಹೇಳಿದಳು. ಬಂಗಾರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅಕ್ಕ ಮತ್ತೆ ಹೇಳಿದಳು. ಮುದುಕಿ ಕೂಸಿನ ಮುಷ್ಟಿಯೊಳಗೆ ತನ್ನ ಬೆರಳು ಇಟ್ಟು, ಬುಡ್ಡಿದೀಪ ಹಿಡಿದು ನೋಡಿದ ಹಾಗೆಯೇ ಬಗ್ಗಿ ಹತ್ತಿರದಿಂದ ನೋಡಿದಳು.

"ಇಷ್ಟೇಯಾ?" ಎಂದಳು, ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಡ್ರೈವರ್ ಹಾರ್ನ್ ಹೊಡೆದ. ಅವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.